ಮೂವತ್ತೆಂಟನೇ ನಿಮಿಷದ ಮಾವ

ದುಬೈಯಲ್ಲಿ ಇದುವರೆಗೆ ಯಾವ ಅಳಿಯನೂ ಮಾವನಿಗೆ ಮಾಡದಂಥ ಸನ್ಮಾನವನ್ನು ನಾನು ಮಾಡಿ ತೋರಿಸುತ್ತೇನೆ ಎಂದು ಹೋದ ತಿಂಗಳು ಶಪಥ ಮಾಡಿದೆ. ಮಾಡಿಯೂ ತೋರಿಸಿದೆ. ಇನ್ನು ಮುಂದೆ ಯಾವ ಅಳಿಯನೂ ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ತಿಲಕ್. ಊರು ಉಡುಪಿ, ವಾಸ ಸ್ಪೇನ್. ಗಾಬರಿಯಾಗಬೇಡಿ, ಇಂಟರ್‌ನ್ಯಾಷನಲ್ ಸಿಟಿ ಎಂಬ ದುಬೈ ಬಡಾವಣೆಯ ಸ್ಪೇನ್ ಕ್ಲಸ್ಟರ್. ಉದ್ಯೋಗ ಸಮುದ್ರಯಾನ! ಅಂದರೆ ಒಂದು ಶಿಪ್ಪಿಂಗ್ ಕಂಪನಿಯಲ್ಲಿ ಕೂತು ಹಡಗಿನ ಕಾಗದಪತ್ರ ಟೈಪ್ ಮಾಡುವುದು. ಹದಿನಾಲ್ಕು ವರ್ಷಗಳಲ್ಲಿ ಸಾವಿರಾರು ಹಡಗುಗಳನ್ನು ದಡ ಸೇರಿಸಿದ್ದೇನೆ, ಒಂದನ್ನೂ ಹತ್ತಿ ನೋಡಿಲ್ಲ. ಹೆಂಡತಿ ಅಕ್ಷಿತಾ, ಸಿಲಿಕಾನ್ ಓಯಸಿಸ್‌ನ ಒಂದು ಕ್ಲಿನಿಕ್‌ನಲ್ಲಿ ನರ್ಸ್. ನಮ್ಮ ಮನೆಯಲ್ಲಿ ಕಾರು ಓಡಿಸುವವಳು ಅವಳೇ. ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಐದು ಸಲ ಫೇಲಾಗಿ, ಆರನೆಯ ಸಲ ಪರೀಕ್ಷಕರ ಆರೋಗ್ಯ ನೆನೆದು ಹೋಗದೆ ಉಳಿದವನು. ಮನೆಯಲ್ಲಿ ನಾವು ಆಡುವುದು ತುಳು. ನಿಮಗಾಗಿ ಜಗಳಗಳನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇನೆ.

ಇನ್ನು ಮಾವ. ಚನಿಯಣ್ಣ ಎಂದರೆ ಉಡುಪಿ-ಮಲ್ಪೆ ರೂಟಿನಲ್ಲಿ ಈಗಲೂ ಜನ ಗುರುತಿಸುತ್ತಾರೆ. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್. ಅವರು ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಮಲ್ಪೆ, ಮಲ್ಪೆ, ಮಲ್ಪೆ" ಎಂದು ಕೂಗಿದರೆ ಕುಂದಾಪುರಕ್ಕೆ ಹೊರಟವರೂ ಒಂದು ಕ್ಷಣ ಯೋಚಿಸುತ್ತಿದ್ದರು. ಹೆಣ್ಣು ನೋಡಲು ಹೋದ ದಿನ ನನ್ನ ಕೈಯ ಕಾಫಿ ಚೆಲ್ಲಿದ್ದು ಹುಡುಗಿಯನ್ನು ನೋಡಿ ಅಲ್ಲ, "ಸಕ್ಕರೆ ಸಾಕಾ?" ಎಂದ ಮಾವನ ಸ್ವರ ಕೇಳಿ.

ಆ ಸ್ವರ ಈಗಿಲ್ಲ. ಎರಡು ವರ್ಷದ ಹಿಂದೆ ಮಾವನ ಗಂಟಲಲ್ಲಿ ಗಡ್ಡೆಯಾಯಿತು, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕುತ್ತಿಗೆಯಲ್ಲೊಂದು ತೂತು, ಅದರ ಮೇಲೆ ಅತ್ತೆ ಹೊಲಿದು ಕೊಟ್ಟ ಬಿಳಿ ಬಟ್ಟೆ, ಅಂಗಿಯ ಜೇಬಲ್ಲಿ ಸಣ್ಣ ಪುಸ್ತಕ ಮತ್ತು ಪೆನ್ನು. ಹೇಳಬೇಕಾದ್ದನ್ನೆಲ್ಲ ಬರೆದು ತೋರಿಸುತ್ತಾರೆ. ಆಪರೇಷನ್ನಿಗೆ ನಾಲ್ಕು ತಿಂಗಳ ಮೊದಲು ಒಂದು ವಿಚಿತ್ರ ನಡೆದಿತ್ತು. ವಾಸ್ಕೋ ಡ ಗಾಮನ ಮೇಲೆ ಸಿನಿಮಾ ಮಾಡಲು ಹೊರಟ ತಂಡವೊಂದು ಮಲ್ಪೆಗೆ ಬಂದಿಳಿದಿತ್ತು. ಗಾಮ ಮೊದಲು ಕಾಲಿಟ್ಟದ್ದು ಮಲ್ಪೆಯ ಎದುರಿನ ದ್ವೀಪದಲ್ಲಿ ಎಂಬುದು ನಮ್ಮ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ. ಅವನು ಬಂದು ಏನು ಮಾಡಿದ ಎಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಅಂತೂ ಕಡಲ ತೀರದಲ್ಲಿ ಯಾರನ್ನೋ ಕರೆಯುತ್ತಿದ್ದ ಮಾವನ ಸ್ವರ ಕೇಳಿದ ನಿರ್ದೇಶಕರು ಅವರನ್ನು ಹಿಡಿದುಕೊಂಡು ಹೋಗಿ, ತಲೆಗೆ ಮುಂಡಾಸು ಸುತ್ತಿ, ಮುದಿ ಬೆಸ್ತನನ್ನಾಗಿ ಮಾಡಿ ಒಂದು ಮಾತು ಆಡಿಸಿದರು. ಬೆಂಗಳೂರಿಗೆ ಕರೆಸಿ ಡಬ್ಬಿಂಗನ್ನೂ ಮಾಡಿಸಿದರು.

ಆ ಒಂದು ಮಾತೇ ಮಾವನ ಸ್ವರದಲ್ಲಿ ಈ ಲೋಕದಲ್ಲಿ ಉಳಿದದ್ದು.

ಈ ಕಾಲದಲ್ಲಿ ಅದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಅಕ್ಷಿತಾ ತನ್ನ ಫೋನನ್ನು ಜಾಲಾಡಿದ್ದಾಳೆ. ಮಾವನಿಗೆ ಸ್ವರವಿದ್ದ ಒಂಬತ್ತು ವರ್ಷ ವಾರಕ್ಕೆರಡು ಸಲ ಊರಿಗೆ ಫೋನ್ ಮಾಡಿದ್ದಾಳೆ, ಪ್ರತಿ ಸಲವೂ ಮಾವ ಎತ್ತಿ, "ಹಾಂ, ಅಮ್ಮನಿಗೆ ಕೊಡ್ತೇನೆ" ಎಂದು ದಾಟಿಸಿಬಿಟ್ಟಿದ್ದಾರೆ. ಅದನ್ನು ಯಾರು ರೆಕಾರ್ಡ್ ಮಾಡುತ್ತಾರೆ? ವಾಯ್ಸ್ ಮೆಸೇಜ್ ಕಳಿಸುವುದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಮದುವೆಯ ವಿಡಿಯೋದಲ್ಲಿ ಮಾವ ಬಾಯಿ ತೆರೆದಲ್ಲೆಲ್ಲ ಶಹನಾಯಿ.

ಹಾಗಾಗಿ 'ಸಾಗರಚಕ್ರಿ ಗಾಮ' ಎಂಬ ಆ ಸಿನಿಮಾ ಕೊನೆಗೂ ಬಿಡುಗಡೆಯಾಗುತ್ತದೆ, ಗಲ್ಫಿನಲ್ಲೂ ಪ್ರೀಮಿಯರ್ ಶೋ ಉಂಟು ಎಂದಾಗ ಅಕ್ಷಿತಾ ಮಾವನಿಗೆ ವಿಸಿಟ್ ವೀಸಾ ಮಾಡಿಸಿ ಕರೆಸಿಕೊಂಡಳು. ಮೊಣಕಾಲು ನೋವಿನ ಅತ್ತೆ ಊರಲ್ಲೇ ಉಳಿದರು. ಬಂದ ದಿನವೇ ಇವಳು ಕೇಳಿದಳು.

"ಅಪ್ಪಾ, ಅದ್ರಲ್ಲಿ ಎಂತ ಡೈಲಾಗ್ ನಿಮ್ದು?"

ಮಾವ ಬರೆದು ತೋರಿಸಿದರು: 'ತೆರೆಯ ಮೇಲೇ ಕೇಳು.'

ಅಡುಗೆಮನೆಗೆ ಬಂದು ನನ್ನ ಹತ್ತಿರ ಹೇಳಿದಳು, "ಒಂದೇ ಒಂದು ಮಾತಂತೆ. ಅದನ್ನು ಕೇಳಿದ್ರೆ ಸಾಕು ನನಗೆ. ನಾವು ಮೂರು ಜನ ಸುಮ್ಮನೆ ಹೋಗಿ, ನೋಡಿ ಬರುವ."

"ಸುಮ್ಮನೆಯಾ?" ಎಂದೆ ನಾನು. ಆ ಪದವೇ ನನಗೆ ಆಗಿಬರುವುದಿಲ್ಲ. "ಮಾವನ ಮೊದಲ ಸಿನಿಮಾ. ದುಬೈಯ ಥಿಯೇಟರ್. ಹಾಲ್ ಫುಲ್ ಮಾಡ್ತೇನೆ ನೋಡು. ಮಾವ ತೆರೆಯ ಮೇಲೆ ಬಂದ ಕೂಡಲೇ ಸೂಪರ್‌ಸ್ಟಾರಿಗೆ ಸಿಗದ ಸ್ವಾಗತ ಸಿಗಬೇಕು."

"ನೀವು ಹೀಗೆ ಹೇಳಿದ ಮೇಲೆ ಇದುವರೆಗೆ ಯಾವುದು ಸರಿಯಾಗಿದೆ?" ಎಂದು ಕೇಳಿದಳು. ನಾನು ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದೆ.

ಅಷ್ಟರಲ್ಲಿ ಊರಿನಲ್ಲಿ ಸಿನಿಮಾ ಬಿಡುಗಡೆಯಾಯಿತು. ಮುಳುಗಿತು ಎನ್ನುವುದು ಸರಿಯಾದೀತು. ಹಡಗು ಪ್ಲೈವುಡ್ಡಿನದಂತೆ, ಗಾಮ ಹತ್ತಿದಾಗ ಅದು ಅಲುಗಾಡದೆ ಕಡಲೇ ಅಲುಗಾಡಿತಂತೆ. ಐನೂರು ವರ್ಷದ ಹಿಂದಿನ ಮಲ್ಪೆಯ ತೆಂಗಿನ ಮರಗಳ ಹಿಂದೆ ಕರೆಂಟಿನ ಕಂಬವಂತೆ. "ಗಾಮ ಭಾರತಕ್ಕೆ ಬರುವ ದಾರಿ ಕಂಡುಹಿಡಿದ, ಪ್ರೇಕ್ಷಕರು ಹೊರಗೆ ಹೋಗುವ ದಾರಿ ಕಂಡುಹಿಡಿದರು" ಎಂದು ಒಬ್ಬ ವಿಮರ್ಶಕ ಬರೆದ. ಉಡುಪಿಯಲ್ಲಿ ಮೂರನೆಯ ದಿನ ತೆಗೆದರು. ಅಲ್ಲಿ ನೋಡಿದ ನೆಂಟರಿಗೆ ಫೋನ್ ಮಾಡಿ ಮಾವನ ಮಾತು ಏನೆಂದು ಕೇಳಿದೆ. ಅಷ್ಟು ಹೊತ್ತು ಯಾರೂ ಕೂತಿರಲಿಲ್ಲ. ಕೊನೆಗೆ ಸಹಾಯಕ ನಿರ್ದೇಶಕನನ್ನು ಹಿಡಿದು ಸಮಯ ತಿಳಿದುಕೊಂಡೆ. ಮೂವತ್ತೆಂಟನೇ ನಿಮಿಷದಲ್ಲಿ, ಒಟ್ಟು ಹನ್ನೊಂದು ಸೆಕೆಂಡು.

ದುಬೈಯಲ್ಲಿ ದಿನಕ್ಕೆ ಮೂರರಂತೆ ವಾರವಿಡೀ ಇರಬೇಕಾಗಿದ್ದ ಶೋಗಳು ಇಳಿದು ಇಳಿದು ಶನಿವಾರ ಮಧ್ಯಾಹ್ನದ ಒಂದೇ ಒಂದು ಶೋಗೆ ಬಂದು ನಿಂತವು. ಬರುತ್ತೇವೆ ಎಂದ ಜನ ಒಬ್ಬೊಬ್ಬರೇ ಜಾರಿಕೊಂಡರು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಜುವಾಕಿಂನ ಕಾಲು ಹಿಡಿಯುವುದೊಂದು ಬಾಕಿ.

"ಮಾರಾಯಾ, ನನ್ನ ಹೆಸರೇ ಪೋರ್ಚುಗೀಸರದ್ದು," ಎಂದ ಅವನು, "ಆದ್ರೂ ನನಗೆ ಗಾಮ ಬೇಡ."

ಕೈ ಹಿಡಿದವರು ಮೊಯ್ದಿನಬ್ಬ. ನಮ್ಮ ಬಿಲ್ಡಿಂಗಿನ ಕೆಳಗೆ ಕೆಫೆಟೇರಿಯಾ ನಡೆಸುವವರು, ಮಲ್ಪೆ ಕಡೆಯವರೇ.

"ಚನಿಯಣ್ಣನ ಸಿನಿಮಾವಾ? ಅವ್ರ ಬಸ್ಸಲ್ಲಿ ಮೀನು ಮಾರ್ಲಿಕ್ಕೆ ಹೋಗ್ತಿದ್ದವ ನಾನು. ಬುಟ್ಟಿಯನ್ನು ಬಸ್ಸಿನ ಮೇಲಿನ ಮಾಡಿಗೆ ಹಾಕಿಸ್ತಿದ್ರು, ನನ್ನನ್ನು ಮುಂದಿನ ಸೀಟಲ್ಲಿ ಕೂರಿಸ್ತಿದ್ರು. ಜನ ಎಷ್ಟು ಬೇಕು ಹೇಳಿ ತಿಲಕಣ್ಣ."

"ಶಿಳ್ಳೆ ಹೊಡೆಯುವವರು ಬೇಕು."

"ನಮ್ಮ ಬ್ಯಾಚುಲರ್ ರೂಮುಗಳಲ್ಲಿ ಅದಕ್ಕೆ ಬರಗಾಲ ಇಲ್ಲ," ಎಂದರು ಮೊಯ್ದಿನಬ್ಬ.

ಶುಕ್ರವಾರ ಸಂಜೆ ಪಾರ್ಕಿಂಗ್ ಜಾಗದಲ್ಲಿ ಮೂವತ್ತು ಮಂದಿಗೆ ತಾಲೀಮು ಕೊಟ್ಟೆ. ನಾನು ಕೈ ಎತ್ತಿದ ಕೂಡಲೇ ಶಿಳ್ಳೆ, ಚಪ್ಪಾಳೆ, "ಚನಿಯಣ್ಣನಿಗೆ ಜೈ". ಮೊದಲ ಸುತ್ತು ಸಪ್ಪೆ ಎನಿಸಿತು. "ನಾಳೆ ತೆರೆ ಹರಿಯಬೇಕು" ಎಂದು ಹುರಿದುಂಬಿಸಿದೆ. ಎರಡನೆಯ ಸುತ್ತಿಗೆ ಎರಡು ಕಾರುಗಳ ಅಲಾರಂ ಹೊಡೆದುಕೊಂಡವು, ವಾಚ್‌ಮನ್ ಓಡಿ ಬಂದ. ಇದರಲ್ಲಿ ಒಂದು ಸಣ್ಣ ತಪ್ಪಿದೆ ಎಂದು ಮೂವತ್ತು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವರನ್ನು ದೂರುವಂತಿಲ್ಲ, ಅವರಿಗೆ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಶನಿವಾರ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕುತ್ತಿಗೆಗೆ ಹೊಸ ಬಟ್ಟೆ ಕಟ್ಟಿ, ಅರ್ಧ ಗಂಟೆ ಮೊದಲೇ ಸೀಟಲ್ಲಿ ಕೂತರು. ಪಕ್ಕದಲ್ಲಿ ಅಕ್ಷಿತಾ, ಅವಳ ಪಕ್ಕ ನಾನು. ಹಿಂದಿನ ನಾಲ್ಕು ಸಾಲು ನನ್ನ ಸೈನ್ಯ. ಸಿನಿಮಾ ಶುರುವಾಯಿತು. ಗಾಮ ಬಂದ. ಅವನ ವಿಗ್ಗು ಬಂತು. ಲಿಸ್ಬನ್ನಿನ ರಾಜ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಹನ್ನೆರಡು ನಿಮಿಷ ಆಶೀರ್ವಾದ ಮಾಡಿದ. ಬಿರುಗಾಳಿಯ ದೃಶ್ಯದಲ್ಲಿ ನಾವಿಕರು ತಾವಾಗಿಯೇ ಬಾಗಿ ಬಾಗಿ ಬೀಳುತ್ತಿದ್ದರು. ಅಕ್ಷಿತಾ ಯಾವುದನ್ನೂ ನೋಡುತ್ತಿರಲಿಲ್ಲ. ಮಾವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಗಡಿಯಾರದ ಮೇಲೆ ಕಣ್ಣಿಟ್ಟಿದ್ದಳು.

ಮೂವತ್ತೇಳು ಆಯಿತು. ತೆರೆಯ ಮೇಲೆ ಬೆಳಗಿನ ಕಡಲು. ಬಂಡೆಯ ಮೇಲೆ ಬೆನ್ನು ಮಾಡಿ ನಿಂತ ಒಬ್ಬ ಮುದುಕ. ಅವನು ತಿರುಗಿದ. ಮಾವ!

ನಾನು ಎದ್ದು ನಿಂತು ಕೈ ಎತ್ತಿದೆ.

ಶಿಳ್ಳೆಗೆ ಕಿವಿ ಗುಂಯ್ ಎಂದಿತು. ಚಪ್ಪಾಳೆ, ಸೀಟು ಬಡಿತ, ಜೈಕಾರ. ಎಲ್ಲರಿಗಿಂತ ದೊಡ್ಡ ಗಂಟಲು ನನ್ನದೇ. ಒಂದು ಸಲ ಮಾವನತ್ತ ನೋಡಿ ನಕ್ಕೆ. ಆಗ ಅಕ್ಷಿತಾಳ ಮುಖ ಕಂಡಿತು. ಅವಳು ತೆರೆಯತ್ತ ಕುತ್ತಿಗೆ ಚಾಚಿ, ಕಿವಿಗೆ ಅಂಗೈ ಅಡ್ಡ ಹಿಡಿದು, ತುಟಿಯ ಚಲನೆಯಲ್ಲಾದರೂ ಮಾತು ಸಿಕ್ಕೀತೇ ಎಂದು ಹುಡುಕುತ್ತಿದ್ದಳು. ತೆರೆಯ ಮೇಲೆ ಮಾವನ ತುಟಿ ಅಲುಗುತ್ತಿತ್ತು. ಎತ್ತಿದ ನನ್ನ ಕೈ ಅಲ್ಲೇ ನಿಂತಿತು. "ಸಾಕು, ಸಾಕು" ಎಂದು ಕೂಗಿದೆ. ಅದು 'ಇನ್ನೂ ಜೋರಾಗಿ' ಎಂದು ಅವರಿಗೆ ಕೇಳಿಸಿತು ಎಂದು ತೋರುತ್ತದೆ. ಹನ್ನೊಂದು ಸೆಕೆಂಡು ಮುಗಿದು ಗಾಮ ಒಬ್ಬ ಬೆಸ್ತರ ಹುಡುಗಿಯೊಂದಿಗೆ ಕುಣಿಯಲು ಶುರು ಮಾಡಿದ ಮೇಲೆಯೇ ಹಾಲ್ ತಣ್ಣಗಾದದ್ದು.

ಅಕ್ಷಿತಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಎಂತ ಹೇಳಿದ್ರು?" ಎಂದು ಮಾತ್ರ ಕೇಳಿದಳು.

"ನನಗೂ ಕೇಳಿಸಲಿಲ್ಲ" ಎಂದೆ.

ಇಂಟರ್ವಲ್ಲಿನಲ್ಲಿ ಮ್ಯಾನೇಜರನ್ನು ಹುಡುಕಿಕೊಂಡು ಓಡಿದೆ. ಅಬ್ದುಲ್ ಸಲಾಂ ಎಂಬ ಹೆಸರಿನ ಆ ಪುಣ್ಯಾತ್ಮ ಪೂರ್ತಿ ಕಥೆ ತಾಳ್ಮೆಯಿಂದ ಕೇಳಿದರು.

"ಆ ಹನ್ನೊಂದು ಸೆಕೆಂಡು ಮಾತ್ರ ಇನ್ನೊಮ್ಮೆ ಹಾಕಿ ಸರ್, ಅಷ್ಟೇ."

"ಮಾಫಿ, ಭಾಯ್, ಆಗುವುದಿಲ್ಲ. ಇದು ನಿಮ್ಮ ಮನೆಯ ಟಿವಿ ಅಲ್ಲ."

"ಹಾಗಾದರೆ ನಾಳೆಯ ಶೋ?"

"ನಾಳೆ ಇಲ್ಲ. ಇವತ್ತಿಗೆ ಈ ಪಿಕ್ಚರ್ ಖಲಾಸ್." ನಂತರ ನನ್ನ ಮುಖ ನೋಡಿ ಪಾಪ ಎನಿಸಿರಬೇಕು, "ಮುಂದಿನ ಶನಿವಾರ ಅಬುಧಾಬಿಯಲ್ಲಿ ಒಂದು ಶೋ ಇದೆ, ಬುಕಿಂಗ್ ಇದ್ದರೆ ನಡೆಸ್ತಾರೆ" ಎಂದರು.

ಅದರ ಮರುದಿನ ಭಾನುವಾರ ಮಾವನ ವಾಪಸು ವಿಮಾನ. ಶನಿವಾರ ಅಬುಧಾಬಿ. ದೇವರು ಇದ್ದಾನೆ ಎಂದುಕೊಂಡೆ. ಆದರೆ ಸಿನಿಮಾದ ಹೆಸರು ಎಷ್ಟು ಕೆಟ್ಟಿತ್ತೆಂದರೆ ಅಬುಧಾಬಿಯ ಶೋ ಕೂಡ ರದ್ದಾಗುವ ಲಕ್ಷಣ ಕಂಡಿತು. ಅದನ್ನು ಉಳಿಸಬೇಕಲ್ಲ? ನಿರ್ಮಾಪಕರ ನಂಬರ್ ಸಂಪಾದಿಸಿ, ಒಬ್ಬ ಅನುಭವಿ ಪ್ರೇಕ್ಷಕನ ಗತ್ತಿನಲ್ಲಿ ಸಲಹೆ ಕೊಟ್ಟೆ.

"ಸಾರ್, ಮೊದಲರ್ಧ ಎಳೀತದೆ. ಗಾಮ ಬೇಗ ದಡ ಮುಟ್ಟಬೇಕು ಸಾರ್. ಜನ ಬಂದೇ ಬರ್ತಾರೆ."

"ಎಲ್ಲರೂ ಅದನ್ನೇ ಹೇಳ್ತಿದ್ದಾರೆ," ಎಂದರು ಅವರು ಸೋತ ದನಿಯಲ್ಲಿ. "ನೋಡ್ತೇವೆ."

ನನ್ನ ಒಂದು ಮಾತಿಗೆ ಸಿನಿಮಾ ಬದಲಾಗುವಷ್ಟು ನಾನು ದೊಡ್ಡವನಲ್ಲ. ಆದರೆ ಹೇಳಿದವರಲ್ಲಿ ನಾನೂ ಒಬ್ಬ.

ಆ ಶನಿವಾರ ಬೆಳಿಗ್ಗೆ ನಾವು ಮೂವರೇ ಹೊರಟೆವು. ಮೊಯ್ದಿನಬ್ಬ ಬರುತ್ತೇನೆಂದದ್ದಕ್ಕೆ ನಾನು ಬೇಡವೆಂದು ಕೈ ಮುಗಿದಿದ್ದೆ. ಅಬುಧಾಬಿಯ ಆ ಹಾಲಿನಲ್ಲಿ ನಮ್ಮನ್ನು ಬಿಟ್ಟರೆ ನಿದ್ದೆಗೆಂದೇ ಬಂದಿದ್ದ ಒಬ್ಬರು ಇದ್ದರು, ಅವರ ಗೊರಕೆ ಶುರುವಾಗುವ ಮೊದಲೇ ಹೋಗಿ ಎಬ್ಬಿಸಿ ಕ್ಷಮೆ ಕೇಳಿ ಬಂದೆ. ಫೋನ್ ಆಫ್ ಮಾಡಿದೆ. ಕೆಮ್ಮು ಬಂದೀತೆಂದು ಹಿಂದಿನ ದಿನದಿಂದ ತಣ್ಣೀರು ಕುಡಿದಿರಲಿಲ್ಲ. ಸಿನಿಮಾ ಶುರುವಾಗುತ್ತಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತೆ. ಅಷ್ಟು ನಿಶ್ಶಬ್ದ ಥಿಯೇಟರನ್ನು ನಾನು ಜನ್ಮದಲ್ಲಿ ನೋಡಿಲ್ಲ. ಮಾವನ ಕುತ್ತಿಗೆಯ ಬಟ್ಟೆಯ ಹಿಂದೆ ಉಸಿರು ಹೋಗಿ ಬರುವುದು ಕೂಡ ಕೇಳಿಸುತ್ತಿತ್ತು.

ರಾಜನ ಆಶೀರ್ವಾದ ಎರಡೇ ನಿಮಿಷದಲ್ಲಿ ಮುಗಿಯಿತು. ಒಳ್ಳೆಯದೇ ಆಯಿತು ಎಂದುಕೊಂಡೆ. ಬಿರುಗಾಳಿ ಅರ್ಧಕ್ಕರ್ಧ ಇಳಿದಿತ್ತು. ಬೆಳಗಿನ ಕಡಲು ಬಂತು. ಅಕ್ಷಿತಾ ಮುಂದಕ್ಕೆ ಬಾಗಿದಳು. ದೂರದಲ್ಲಿ ಹಡಗು ಕಂಡಿತು, ಮರುಕ್ಷಣ ಗಾಮ ದಡದಲ್ಲಿ ನಿಂತು ಮರಳು ಕೊಡವಿಕೊಳ್ಳುತ್ತಿದ್ದ. ಬಂಡೆ ಇರಲಿಲ್ಲ. ಬಂಡೆಯ ಮೇಲಿನ ಮುದುಕ ಇರಲಿಲ್ಲ. ಹುಡುಗಿ ಬಂದಳು, ಕುಣಿತ ಶುರುವಾಯಿತು.

ನಾವು ಇನ್ನೂ ಕಾದೆವು. ಮುಂದೆ ಎಲ್ಲಾದರೂ ಹಾಕಿರಬಹುದು ಎಂದು ಕೊನೆಯ ಹೆಸರುಗಳು ಮೇಲೆ ಹೋಗುವವರೆಗೂ ಮೂವರೂ ಕಾದೆವು. ಹೆಸರುಗಳಲ್ಲಿ 'ಮುದಿ ಬೆಸ್ತ: ಚನಿಯ' ಎಂದು ಇತ್ತು. ಅದನ್ನು ತೆಗೆಯಲು ಅವರಿಗೆ ಮರೆತುಹೋಗಿರಬೇಕು.

ಹೊರಗೆ ಕೌಂಟರಿನ ಹುಡುಗಿ ವಿವರಿಸಿದಳು. ಇಪ್ಪತ್ತೆರಡು ನಿಮಿಷ ಕತ್ತರಿಸಿದ ಹೊಸ ಪ್ರತಿ ಗುರುವಾರ ಬಂದಿದೆ, ಇನ್ನು ಎಲ್ಲ ಕಡೆ ಇದೇ. ನಿರ್ಮಾಪಕರಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಇದನ್ನು ಬರೆಯುತ್ತಿರುವ ಹೊತ್ತಿಗೂ ಆಫ್. ಮುಳುಗಿದ ಹಡಗಿನ ಯಜಮಾನ ಯಾರ ಫೋನ್ ತಾನೇ ಎತ್ತುತ್ತಾನೆ? ಸಹಾಯಕ ನಿರ್ದೇಶಕ ಎತ್ತಿದ. "ತೆಗೆದ ತುಂಡುಗಳು ಎಲ್ಲಿವೆಯೋ ಸಾರ್, ಸಂಬಳ ಬಾರದೆ ಎಡಿಟರ್ ಎಲ್ಲ ಅಳಿಸಿ ಹೋಗಿದ್ದಾನೆ ಅಂತ ಸುದ್ದಿ" ಎಂದ.

"ನಾನೂ ಹೇಳಿದ್ದೆ," ಎಂದೆ ಅಕ್ಷಿತಾಳಿಗೆ, ಪಾರ್ಕಿಂಗಿನಲ್ಲಿ. "ಗಾಮ ಬೇಗ ದಡ ಮುಟ್ಟಲಿ ಅಂತ. ನಾನೇ ಫೋನ್ ಮಾಡಿದ್ದು."

ಅವಳು ಕಾರಿನ ಬಾಗಿಲು ತೆರೆದಳು. "ಕಾರಿಗೆ ಹತ್ತಿ" ಎಂದಳು.

ಮಾವ ಮುಂದೆ ಕೂತರು, ನಾನು ಹಿಂದೆ. ಅಬುಧಾಬಿ ದಾಟಿ ದೊಡ್ಡ ರಸ್ತೆಗೆ ಸೇರಿದೆವು. ಅವಳ ಕೆನ್ನೆ ಒದ್ದೆಯಾಗಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ನೂರಿಪ್ಪತ್ತರ ವೇಗದಲ್ಲಿ ಒರೆಸಿಕೊಳ್ಳಲು ಆಗುವುದಿಲ್ಲ.

"ಅಪ್ಪಾ, ಈಗಾದ್ರೂ ಹೇಳಿ," ಎಂದಳು ಕೊನೆಗೆ. "ಎಂತ ಮಾತು ಅದು?"

ಮಾವ ಪುಸ್ತಕ ತೆಗೆದು ಬರೆದರು. ಓಡಿಸುವವಳು ಓದುವಂತಿರಲಿಲ್ಲ, ಹಾಳೆ ಹರಿದು ಹಿಂದಕ್ಕೆ ನನಗೆ ಚಾಚಿದರು.

ನಾನು ಗಂಟಲು ಸರಿಪಡಿಸಿಕೊಂಡು, ಮಲ್ಪೆ ಬಸ್ಸಿನ ಕಂಡಕ್ಟರ್ ಹೇಗೆ ಹೇಳಿಯಾರು ಎಂದು ಊಹಿಸಿ, ಓದಿದೆ. "ಯಾರೋ ಬರ್ತಿದ್ದಾರೆ! ಯಾರೇ ಆಗಲಿ, ಮೊದಲು ಕುಡಿಯಲಿಕ್ಕೆ ನೀರು ಕೊಡಿ!"

ಮಾವ ತಿರುಗಿ ನೋಡಿ ತಲೆಯಾಡಿಸಿದರು. ಹಾಗಲ್ಲ. ಅಂಗೈ ಕೆಳಗೆ ಮಾಡಿ ತೋರಿಸಿದರು. ಮೆತ್ತಗೆ.

ದನಿ ತಗ್ಗಿಸಿ ಓದಿದೆ. ಅಂಗೈ ಇನ್ನೂ ಕೆಳಗೆ ಹೋಯಿತು. ಮತ್ತೆ ಓದಿದೆ. ಇನ್ನೂ ಕೆಳಗೆ. ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕೂಗಿದ ಮನುಷ್ಯ ಆ ಬಂಡೆಯ ಮೇಲೆ ನಿಂತು ಕೂಗಿರಲೇ ಇಲ್ಲ. ಮನೆಯೊಳಗೆ ಮಲಗಿದ ಮಗುವಿಗೆ ಎಚ್ಚರವಾಗದ ಹಾಗೆ ಹೆಂಡತಿಗೆ ಹೇಳುವಂತೆ ಹೇಳಿದ್ದರು. ಏಳನೆಯ ಸಲವೋ ಎಂಟನೆಯ ಸಲವೋ, ನನಗೇ ಕೇಳಿಸದಷ್ಟು ಸಣ್ಣಗೆ ಓದಿದಾಗ, ಮಾವ ಕಣ್ಣು ಮುಚ್ಚಿ ಹೌದೆಂದು ತಲೆದೂಗಿದರು.

ಅಕ್ಷಿತಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನೀವು ಇಷ್ಟು ಮೆತ್ತಗೆ ಮಾತಾಡಿದ್ದು ಇದೇ ಮೊದಲು," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಇನ್ನೊಮ್ಮೆ ಹೇಳಿ. ಅಪ್ಪ ಹೇಳಿದ ಹಾಗೆಯೇ" ಎಂದಳು.

ಮೂವತ್ತು ಜನರ ಶಿಳ್ಳೆಯನ್ನು ಮೀರಿಸಿದ ಬಾಯಿಯನ್ನು ತೆರೆದೆ. ಸ್ವರ ಹೊರಡಲಿಲ್ಲ.